ಪ್ರಿಂಟರ್, ಎನ್‌ಎಎಸ್, ಸ್ವಿಚ್‌ಗಳಿಗೆ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್: ದುಡ್ಡು ಕೊಟ್ಟು ಕೊಳ್ಳಬೇಕಾ, ಆಟೊಮೇಟ್ ಮಾಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಸಣ್ಣ ಫ್ಯಾಕ್ಟರಿ, ಜಯನಗರದ ಆಡಿಟರ್ ಆಫೀಸು, ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಎಲ್ಲಿ ಹೋದರೂ ಐಟಿ ನೋಡಿಕೊಳ್ಳುವವರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಸರ್ಟಿಫಿಕೇಟ್ ಅಂದರೆ ಪುಟ ಅಸಲಿ ಅಂತ ಬ್ರೌಸರ್ ಎಚ್ಚರಿಕೆ ಕೊಡದೆ ನಂಬಲು ಬೇಕಾದ ಫೈಲು, ಒಂದು ಡೊಮೈನಿನ (ನಿಮ್ಮ ವೆಬ್ ಹೆಸರಿನ) ಕೆಳಗಿನ ಹೆಸರುಗಳಿಗೆಲ್ಲ ಒಂದೇ ಸಾಕಾಗುವಂಥದ್ದು ವೈಲ್ಡ್‌ಕಾರ್ಡ್. ವೆಬ್‌ಸೈಟಿನ ಸರ್ಟಿಫಿಕೇಟ್ ತಲೆನೋವು ಬಹಳ ಜನಕ್ಕೆ ಮುಗಿದಿದೆ, ಹೋಸ್ಟಿಂಗ್ ಕಂಪನಿಯೇ ನೋಡಿಕೊಳ್ಳುತ್ತದೆ. ಉಳಿದಿರುವುದು ಆಫೀಸಿನ ಒಳಗಿನ ಡಬ್ಬಗಳು: ಪ್ರಿಂಟರ್, ಎನ್‌ಎಎಸ್ (ಎಲ್ಲರ ಫೈಲ್ ಇಡುವ ಡಬ್ಬ), ಸ್ವಿಚ್, ಫೈರ್‌ವಾಲ್, ಸಿಸಿಟಿವಿ ರೆಕಾರ್ಡರ್, ಹಾಜರಾತಿ ಮಷೀನ್, ಯುಪಿಎಸ್‌ನ ನೆಟ್‌ವರ್ಕ್ ಕಾರ್ಡ್.

ಒಂದೇ ಮಾತಲ್ಲಿ ಹೇಳಿಬಿಡಿ, ಕೊಳ್ಳಬೇಕಾ ಬೇಡ್ವಾ?

ಬಹುತೇಕರಿಗೆ ಬೇಡ. ದುಡ್ಡು ಉಳಿಯುತ್ತದೆ ಅಂತ ಹೇಳುತ್ತಿಲ್ಲ, ಡಿವಿ (ಡೊಮೈನ್ ನಿಮ್ಮದು ಅಂತ ಮಾತ್ರ ಪರೀಕ್ಷಿಸಿ ಕೊಡುವ) ವೈಲ್ಡ್‌ಕಾರ್ಡ್‌ಗೆ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಆಫೀಸಿಗೆ ಅದೇನು ಭಾರ ಅಲ್ಲ. ನಿಜವಾದ ಕೆಲಸ ಇರುವುದು ಬೇರೆ ಕಡೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅದನ್ನು ಒಂದೊಂದು ಡಬ್ಬಕ್ಕೂ ಹಾಕುವವರು ಯಾರು, ವರ್ಷಕ್ಕೆ ಎಷ್ಟು ಸಲ ಹಾಕಬೇಕು? ಕೊಂಡರೂ ಆ ಕೆಲಸ ತಪ್ಪುವುದಿಲ್ಲ, ಬಿಟ್ಟಿ ತಗೊಂಡರೂ ತಪ್ಪುವುದಿಲ್ಲ. ಹಾಗಾಗಿ ಡಿವೈಸ್ ನೋಡಿ ತೀರ್ಮಾನ ಮಾಡಿ, ಸರ್ಟಿಫಿಕೇಟ್ ಮಾರುವವರ ಕೊಟೇಶನ್ ನೋಡಿ ಅಲ್ಲ.

ಒಂದು ವರ್ಷಕ್ಕೆ ಕೊಂಡರೆ ಒಂದು ವರ್ಷ ನೆಮ್ಮದಿ ಅಲ್ವಾ?

ಆ ಕಾಲ ಹೋಯಿತು. ಹಿಂದೆ ಮೂರು ವರ್ಷಕ್ಕೆ ಒಂದೇ ಸರ್ಟಿಫಿಕೇಟ್ ಸಿಗುತ್ತಿತ್ತು. 2018ರ ಮಾರ್ಚ್‌ನಲ್ಲಿ ಅದನ್ನು 825 ದಿನಕ್ಕೆ ಇಳಿಸಿದರು, 2020ರ ಸೆಪ್ಟೆಂಬರ್‌ನಿಂದ 398 ದಿನ. ಆಮೇಲೆ ಆಪಲ್ ಕಂಪನಿ ಒಂದು ಪ್ರಸ್ತಾಪ ಇಟ್ಟಿತು, ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವ ಕಂಪನಿಗಳೂ (ಸಿಎಗಳೂ) ಸೇರಿರುವ ಸಿಎ/ಬ್ರೌಸರ್ ಫೋರಂನಲ್ಲಿ 2025ರ ಏಪ್ರಿಲ್‌ನಲ್ಲಿ ಅದು ಪಾಸಾಯಿತು. ಅದರ ಪ್ರಕಾರ 2026ರ ಮಾರ್ಚ್ 15ರಿಂದ ಹೊಸ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ ಬರೀ 47 ದಿನ. ಇದು ಬಿಟ್ಟಿ ಸರ್ಟಿಫಿಕೇಟಿಗೂ ಒಂದೇ, ಲಕ್ಷ ಕೊಟ್ಟು ಕೊಂಡದ್ದಕ್ಕೂ ಒಂದೇ.

ಇನ್ನೊಂದು ವಿಷಯವನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ. ಡೊಮೈನ್ ನಿಮ್ಮದೇ ಅಂತ ಒಮ್ಮೆ ತೋರಿಸಿದರೆ ಆ ಪುರಾವೆಯನ್ನು ಎಷ್ಟು ದಿನ ಮತ್ತೆ ಬಳಸಬಹುದು ಅನ್ನುವುದಕ್ಕೂ ಮಿತಿ ಇದೆ, ಅದೂ ಇದೇ ತಾರೀಖುಗಳಲ್ಲಿ ಇಳಿಯುತ್ತಾ ಹೋಗಿ 2029ಕ್ಕೆ 10 ದಿನಕ್ಕೆ ಬಂದು ನಿಲ್ಲುತ್ತದೆ. ಅಂದರೆ ಆಗ ಕೊಂಡ ಸರ್ಟಿಫಿಕೇಟನ್ನು ರೀಇಶ್ಯೂ ಮಾಡಿಸಿಕೊಳ್ಳುವಾಗಲೆಲ್ಲ ಡಿಎನ್‌ಎಸ್‌ನಲ್ಲಿ (ಹೆಸರುಗಳನ್ನು ಐಪಿ ವಿಳಾಸಕ್ಕೆ ಜೋಡಿಸುವ ಪಟ್ಟಿಯಲ್ಲಿ) ಮತ್ತೆ ರೆಕಾರ್ಡ್ ಹಾಕಿ ತೋರಿಸಬೇಕು.

30 ಡಿವೈಸ್ ಇರುವ ಆಫೀಸಿಗೆ ಲೆಕ್ಕ ಹಾಕಿ. 47 ದಿನ ಅಂದರೆ ವರ್ಷಕ್ಕೆ ಎಂಟು ಸಲ, ಕೊನೇ ದಿನದವರೆಗೆ ಕಾಯಬಾರದು ಅಂತ ತಿಂಗಳಿಗೊಮ್ಮೆ ಹಾಕಿದರೆ 360 ಸಲ ಲಾಗಿನ್ ಆಗಿ ಅಪ್‌ಲೋಡ್ ಒತ್ತಬೇಕು. ಯಾರು ಒತ್ತುತ್ತಾರೆ ಹೇಳಿ.

ವೆಂಡರ್ ಮೂರು ವರ್ಷದ ಪ್ಲ್ಯಾನ್ ಅಂತಾರಲ್ಲ?

ಅದು ಚಂದಾ ಅಷ್ಟೇ. ಮೂರು ವರ್ಷದ ದುಡ್ಡು ಈಗಲೇ ಕಟ್ಟುತ್ತೀರಿ, ಅವರು ಆಗಾಗ ಹೊಸ ಫೈಲ್ ಕೊಡುತ್ತಾರೆ. ಡಿವೈಸ್‌ಗೆ ಹಾಕುವ ಕೆಲಸ ನಿಮ್ಮದೇ.

ಬಿಟ್ಟಿಯಾಗಿ ವೈಲ್ಡ್‌ಕಾರ್ಡ್ ಸಿಗುತ್ತದಾ? ಅದರಲ್ಲಿ ಭದ್ರತೆ ಕಡಿಮೆ ಇರುತ್ತದಾ?

ಸಿಗುತ್ತದೆ. ಬಿಟ್ಟಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2018ರ ಮಾರ್ಚ್‌ನಿಂದ ವೈಲ್ಡ್‌ಕಾರ್ಡ್ ಕೊಡುತ್ತಿದೆ. ಗೂಗಲ್ ಟ್ರಸ್ಟ್ ಸರ್ವಿಸಸ್, ಜೀರೋಎಸ್‌ಎಸ್‌ಎಲ್ ಕೂಡ ಇವೆ. ಎಲ್ಲವೂ ಆಕ್ಮೆ ಅನ್ನುವ, ಸ್ಕ್ರಿಪ್ಟ್ ತಾನೇ ಸರ್ಟಿಫಿಕೇಟ್ ಕೇಳಿ ಪಡೆಯುವ ಒಂದೇ ವಿಧಾನದಲ್ಲಿ ಮಾತಾಡುತ್ತವೆ, ಹಾಗಾಗಿ ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಹೋಗುವುದು ಕಷ್ಟ ಇಲ್ಲ.

ಎನ್‌ಕ್ರಿಪ್ಶನ್ ವಿಷಯದಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಕೀ (ಸರ್ಟಿಫಿಕೇಟಿನ ಜೋಡಿಯಾದ ಗುಟ್ಟಿನ ಫೈಲು) ನಿಮ್ಮ ಮಷೀನಿನಲ್ಲೇ ಹುಟ್ಟುತ್ತದೆ, ಬ್ರೌಸರ್‌ಗೆ ಎರಡೂ ಒಂದೇ. ಕೊಂಡ ಓವಿ ಸರ್ಟಿಫಿಕೇಟಿನಲ್ಲಿ ಕಂಪನಿಯ ಹೆಸರು ಇರುತ್ತದೆ, ಆದರೆ ಪ್ರಿಂಟರ್ ಪುಟ ತೆರೆದು ಅದರ ಸರ್ಟಿಫಿಕೇಟಿನಲ್ಲಿ ಕಂಪನಿ ಹೆಸರು ಏನಿದೆ ಅಂತ ನೋಡುವವರನ್ನು ನಾನಂತೂ ಕಂಡಿಲ್ಲ.

ಎರಡು ಎಚ್ಚರಿಕೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಶುರುವಿನಿಂದಲೂ 90 ದಿನದ್ದು, 2028ರ ಹೊತ್ತಿಗೆ ಅದನ್ನು 45 ದಿನಕ್ಕೆ ಇಳಿಸುವುದಾಗಿ ಅವರು ಹೇಳಿದ್ದಾರೆ. ಜೊತೆಗೆ ಎಕ್ಸ್‌ಪೈರಿ ಹತ್ತಿರ ಬಂದಾಗ ಕಳಿಸುತ್ತಿದ್ದ ಇಮೇಲನ್ನು 2025ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟರು. ಅದನ್ನೇ ನಂಬಿಕೊಂಡು ಕೂತವರು ಬಹಳ ಜನ.

ನಮ್ಮ ಡಿವೈಸ್‌ಗಳು ಇಂಟರ್ನೆಟ್‌ಗೆ ತೆರೆದೇ ಇಲ್ಲ. ಹಾಗಿದ್ದರೂ ಆಗುತ್ತದಾ?

ಆಗುತ್ತದೆ, ತೆರೆಯಲೂ ಬೇಡಿ. ವೈಲ್ಡ್‌ಕಾರ್ಡ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಒಪ್ಪುವುದು ಡಿಎನ್‌ಎಸ್ ಪರೀಕ್ಷೆಯನ್ನು ಮಾತ್ರ. ಅವರು ಒಂದು ಗುರುತು ಕೊಡುತ್ತಾರೆ, ನೀವು ಅದನ್ನು ಡೊಮೈನಿನ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ಅನ್ನುವ ಬರಹದ ರೆಕಾರ್ಡಾಗಿ ಹಾಕುತ್ತೀರಿ, ಅವರು ಬಂದು ಅಲ್ಲಿ ನೋಡುತ್ತಾರೆ. ನಿಮ್ಮ ಪ್ರಿಂಟರ್ ಇರುವ ಕಡೆಗೆ ಯಾರೂ ಬರುವುದಿಲ್ಲ.

ಆದರೆ ಹೆಸರು ನಿಜವಾದ ಡೊಮೈನಿನದ್ದೇ ಆಗಿರಬೇಕು. "ಪ್ರಿಂಟರ್.ಲೋಕಲ್" ಅಂತ ಇಟ್ಟುಕೊಂಡಿದ್ದರೆ ಬಿಟ್ಟಿಯೂ ಸಿಗುವುದಿಲ್ಲ, ದುಡ್ಡಿಗೂ ಸಿಗುವುದಿಲ್ಲ. ಒಳಗಿನ ಹೆಸರುಗಳಿಗೆ ಸರ್ಟಿಫಿಕೇಟ್ ಕೊಡುವುದನ್ನು 2015ರ ನವೆಂಬರ್‌ನಿಂದಲೇ ಎಲ್ಲರೂ ನಿಲ್ಲಿಸಿದ್ದಾರೆ. ಹಾಗಾಗಿ ಡಾಟ್ ಇನ್ ಡೊಮೈನ್ ಒಂದು ಇದ್ದರೆ ಅದರ ಕೆಳಗೆ "ಪ್ರಿಂಟರ್.ನಮ್ಮಆಫೀಸ್.ಇನ್" ಅಂತ ಹೆಸರು ಕೊಟ್ಟು ಒಳಗಿನ ಡಿಎನ್‌ಎಸ್‌ನಲ್ಲಿ ಅದರ ಐಪಿ ತೋರಿಸಿ. ಒಳಗೆ ಬೇರೆ ಡಿಎನ್‌ಎಸ್ ಸರ್ವರ್ ಇಲ್ಲದಿದ್ದರೆ ಹೊರಗಿನ ಡಿಎನ್‌ಎಸ್‌ನಲ್ಲೇ 192.168 ವಿಳಾಸ ಹಾಕಬಹುದು, ತಪ್ಪೇನಿಲ್ಲ. ಕೆಲವು ರೂಟರ್‌ಗಳು ಮಾತ್ರ ಹೊರಗಿನಿಂದ ಒಳಗಿನ ಐಪಿ ಉತ್ತರವಾಗಿ ಬಂದರೆ ಅನುಮಾನಪಟ್ಟು ಅದನ್ನು ತಡೆಯುತ್ತವೆ. "ಮನೆಯಲ್ಲಿ ತೆರೆಯುತ್ತದೆ, ಆಫೀಸಿನಲ್ಲಿ ಹೆಸರೇ ಸಿಗುವುದಿಲ್ಲ" ಅನ್ನುವ ದೂರು ಬಂದರೆ ಮೊದಲು ಅಲ್ಲಿ ನೋಡಿ.

ಹೆಸರು ಬೇಡ, ಐಪಿ ವಿಳಾಸಕ್ಕೇ ಸರ್ಟಿಫಿಕೇಟ್ ಸಿಗಲ್ವಾ?

ಪಬ್ಲಿಕ್ ಐಪಿಗೆ ಲೆಟ್ಸ್ ಎನ್‌ಕ್ರಿಪ್ಟ್ ಕೊಡುತ್ತದೆ, ಅದೂ ಸುಮಾರು ಆರು ದಿನದ ಆಯಸ್ಸಿನದ್ದು. 192.168, 10.0 ಇಂಥವಕ್ಕೆ ಯಾರೂ ಕೊಡುವುದಿಲ್ಲ.

ನಮ್ಮ ಡೊಮೈನ್ ಇರುವ ಕಂಪನಿಯಲ್ಲಿ ಡಿಎನ್‌ಎಸ್ ಎಪಿಐ (ಸ್ಕ್ರಿಪ್ಟ್ ತಾನೇ ಬದಲಾವಣೆ ಮಾಡುವ ದಾರಿ) ಇಲ್ಲ. ಪ್ರತಿ ಸಲ ಕೈಯಲ್ಲೇ ಟಿಎಕ್ಸ್‌ಟಿ ಹಾಕಬೇಕಾ?

ಕೈಯಲ್ಲಿ ಹಾಕುವುದಾದರೆ ಆಟೊಮೇಟ್ ಮಾಡಿದ ಹಾಗಾಗಲಿಲ್ಲ. ಎರಡು ದಾರಿ ಇವೆ.

ಸುಲಭದ್ದು, ಡೊಮೈನ್ ಅಲ್ಲೇ ಇರಲಿ, ನೇಮ್‌ಸರ್ವರ್ (ಡಿಎನ್‌ಎಸ್ ಪಟ್ಟಿ ಇಟ್ಟುಕೊಳ್ಳುವ ಸರ್ವರ್) ಮಾತ್ರ ಎಪಿಐ ಇರುವ ಕಡೆಗೆ ಬದಲಿಸಿ. ಕ್ಲೌಡ್‌ಫ್ಲೇರ್‌ನಲ್ಲಿ ಬಿಟ್ಟಿ, ಅಮೆಜಾನಿನ ರೂಟ್ 53ರಲ್ಲಿ ಸ್ವಲ್ಪ ದುಡ್ಡು. ಬದಲಿಸುವ ಮುಂಚೆ ಈಗಿರುವ ಎಲ್ಲಾ ರೆಕಾರ್ಡ್‌ಗಳನ್ನೂ, ಮುಖ್ಯವಾಗಿ ಇಮೇಲಿನ ಎಂಎಕ್ಸ್, ಎಸ್‌ಪಿಎಫ್, ಡಿಕೆಐಎಂಗಳನ್ನು ನಕಲು ಮಾಡಿಕೊಳ್ಳಿ. ಇಲ್ಲದಿದ್ದರೆ ಸರ್ಟಿಫಿಕೇಟ್ ಬರುತ್ತದೆ, ಮೇಲ್ ನಿಲ್ಲುತ್ತದೆ.

ನೇಮ್‌ಸರ್ವರ್ ಮುಟ್ಟಲು ಬಿಡದಿದ್ದರೆ ಇನ್ನೊಂದು ದಾರಿ. ಅಂಡರ್‌ಸ್ಕೋರ್ ಆಕ್ಮೆ-ಚಾಲೆಂಜ್ ಅನ್ನುವ ಹೆಸರಿಗೆ ಒಂದೇ ಒಂದು ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ತಿರುಗಿಸುವ ರೆಕಾರ್ಡ್) ಹಾಕಿ, ಅದನ್ನು ಎಪಿಐ ಇರುವ ಬೇರೆ ಡೊಮೈನಿನ ಕಡೆಗೆ ತಿರುಗಿಸಿ. ಆಮೇಲೆ ಎಲ್ಲಾ ಪರೀಕ್ಷೆಯೂ ಆ ಬೇರೆ ಡೊಮೈನಿನಲ್ಲೇ ನಡೆಯುತ್ತದೆ. ನನಗೆ ಈ ದಾರಿಯೇ ಹೆಚ್ಚು ಇಷ್ಟ, ಯಾಕೆಂದರೆ ಸ್ಕ್ರಿಪ್ಟ್ ಓಡುವ ಮಷೀನನ್ನು ಯಾರಾದರೂ ಹಾಳುಗೆಡವಿದರೂ ಕಂಪನಿಯ ಇಡೀ ಡಿಎನ್‌ಎಸ್ ಅವರ ಕೈಗೆ ಹೋಗುವುದಿಲ್ಲ. ಮೊದಲ ದಾರಿಯಲ್ಲಿ ಹೋದರೂ ಎಪಿಐ ಟೋಕನ್‌ಗೆ ಆ ಒಂದು ಡೊಮೈನಿನ ಡಿಎನ್‌ಎಸ್ ತಿದ್ದುವಷ್ಟು ಮಾತ್ರ ಅನುಮತಿ ಕೊಡಿ.

ಅಂದಹಾಗೆ ಬೆಂಗಳೂರಿನ ಸಣ್ಣ ಆಫೀಸುಗಳಲ್ಲಿ ಎಪಿಐಗಿಂತ ದೊಡ್ಡ ತೊಂದರೆ ಬೇರೆ ಇದೆ: ಡೊಮೈನಿನ ಲಾಗಿನ್ ಯಾವಾಗಲೋ ವೆಬ್‌ಸೈಟ್ ಮಾಡಿಕೊಟ್ಟವರ ಹತ್ತಿರ ಇರುತ್ತದೆ, ಅವರು ಫೋನ್ ಎತ್ತುವುದಿಲ್ಲ. ಸರ್ಟಿಫಿಕೇಟ್ ಬಗ್ಗೆ ಯೋಚಿಸುವ ಮೊದಲು ಆ ಲಾಗಿನ್ ನಿಮ್ಮ ಕೈಗೆ ತಗೊಳ್ಳಿ. ಕೊಳ್ಳುವುದಾದರೂ ಅದು ಬೇಕೇ ಬೇಕು.

ಎಲ್ಲದಕ್ಕೂ ಒಂದೇ ವೈಲ್ಡ್‌ಕಾರ್ಡ್ ಹಾಕಿದರೆ ಸುಲಭ ಅಲ್ವಾ? ಯಾಕೆ ಹೆದರಿಸುತ್ತೀರಿ?

ಸುಲಭ ಹೌದು. ವಠಾರದ ಎಲ್ಲಾ ಮನೆಗೂ ಒಂದೇ ಬೀಗದ ಕೈ ಮಾಡಿಸಿದಷ್ಟು ಸುಲಭ. ವೈಲ್ಡ್‌ಕಾರ್ಡ್ ಹಾಕುವುದು ಅಂದರೆ ಅದರ ಪ್ರೈವೇಟ್ ಕೀಯನ್ನೂ ಆ ಡಿವೈಸ್ ಒಳಗೆ ಇಡುವುದು. ಪ್ರಿಂಟರ್‌ಗೆ ಹಾಕಿದ ಕೀ, ಪೇಮೆಂಟ್ ಪುಟ ಇರುವ ಸರ್ವರ್‌ನ ಕೀ, ಫೈರ್‌ವಾಲ್‌ನ ಕೀ, ಎಲ್ಲಾ ಒಂದೇ. ಈಗ ಅವುಗಳಲ್ಲಿ ಅತಿ ಬಡಪಾಯಿ ಡಬ್ಬ ಯಾವುದು ನೋಡಿ: ಅಡ್ಮಿನ್ ಪಾಸ್‌ವರ್ಡ್ ಬದಲಿಸಿಲ್ಲದ, ಫರ್ಮ್‌ವೇರ್ ಅಪ್‌ಡೇಟ್ ಕಾಣದ ಹಾಜರಾತಿ ಮಷೀನ್. ನಿಮ್ಮ ಡೊಮೈನಿನ ಭದ್ರತೆ ಆ ಮಷೀನಿನಷ್ಟೇ. ರಿಪೇರಿಗೆ ಕಳಿಸಿದಾಗ, ಬದಲಿ ಯೂನಿಟ್ ಕೊಟ್ಟು ಹಳೆಯದನ್ನು ತಗೊಂಡು ಹೋದಾಗ, ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಮಾರಿದಾಗ ಕೀ ಕೂಡ ಜೊತೆಗೆ ಹೋಗುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡಿ ಕಳಿಸುವವರು ಎಷ್ಟು ಜನ?

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ 2021ರ ಅಕ್ಟೋಬರ್‌ನಲ್ಲಿ ಇದರ ಬಗ್ಗೆಯೇ ಒಂದು ಎಚ್ಚರಿಕೆ ಹೊರಡಿಸಿತು. ಒಂದೇ ಸರ್ಟಿಫಿಕೇಟ್ ಬೇರೆ ಬೇರೆ ಸೇವೆಗಳಲ್ಲಿ ಇದ್ದಾಗ ಒಂದರ ಟ್ರಾಫಿಕ್ ಅನ್ನು ಇನ್ನೊಂದಕ್ಕೆ ತಿರುಗಿಸಿ ಮೋಸ ಮಾಡುವ ಅಲ್ಪಾಕಾ ಅನ್ನುವ ದಾಳಿ ಆ ವರ್ಷ ಬೆಳಕಿಗೆ ಬಂದಿತ್ತು.

ವೈಲ್ಡ್‌ಕಾರ್ಡ್ ಬೇಕೇ ಬೇಕು ಅಂದರೆ ಡಿವೈಸ್‌ಗಳಿಗೆ ಅಂತಲೇ ಬೇರೆ ಸಬ್‌ಡೊಮೈನ್ ಮಾಡಿ. "*.ಡಬ್ಬ.ನಮ್ಮಆಫೀಸ್.ಇನ್" ಅಂತ ತಗೊಂಡರೆ ಆ ಕೀ ಸೋರಿದರೂ ಮುಖ್ಯ ವೆಬ್‌ಸೈಟಿನ ಹೆಸರಿನಲ್ಲಿ ಯಾರೂ ಆಟ ಆಡಲು ಆಗುವುದಿಲ್ಲ. ನಕ್ಷತ್ರ ಒಂದೇ ಮೆಟ್ಟಿಲಿಗೆ ಅನ್ನುವುದು ನೆನಪಿರಲಿ: "*.ನಮ್ಮಆಫೀಸ್.ಇನ್" ಇದ್ದರೆ "ಪ್ರಿಂಟರ್.ನಮ್ಮಆಫೀಸ್.ಇನ್" ನಡೆಯುತ್ತದೆ, "ಪ್ರಿಂಟರ್.ಮಹಡಿ2.ನಮ್ಮಆಫೀಸ್.ಇನ್" ನಡೆಯುವುದಿಲ್ಲ. ಬರೀ "ನಮ್ಮಆಫೀಸ್.ಇನ್" ಕೂಡ ಅದರಲ್ಲಿ ಬರುವುದಿಲ್ಲ, ಬೇಕಿದ್ದರೆ ಪ್ರತ್ಯೇಕವಾಗಿ ಸೇರಿಸಬೇಕು.

ಹಾಗಾದರೆ ಒಂದೊಂದಕ್ಕೂ ಬೇರೆ ಬೇರೆ ತಗೊಳ್ಳೋದಾ?

ಸ್ಕ್ರಿಪ್ಟ್ ಓಡಿಸುವುದೇ ಆದರೆ ಹೌದು, ಅದೇ ವಾಸಿ. ಬಿಟ್ಟಿ ಸರ್ಟಿಫಿಕೇಟಿನ ನಿಜವಾದ ಲಾಭ ಇಲ್ಲಿದೆ: ದುಡ್ಡಿನ ವೈಲ್ಡ್‌ಕಾರ್ಡ್ ಹುಟ್ಟಿಕೊಂಡದ್ದೇ ಒಂದೊಂದಕ್ಕೂ ದುಡ್ಡು ಕೊಡಬಾರದು ಅಂತ, ಆ ಕಾರಣವೇ ಈಗ ಇಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಒಂದು ಡೊಮೈನಿಗೆ ವಾರಕ್ಕೆ 50 ಹೊಸ ಸರ್ಟಿಫಿಕೇಟ್ ಮಿತಿ ಇದೆ, ಸಣ್ಣ ಆಫೀಸಿಗೆ ಅದು ಧಾರಾಳ. ಅದೇ ಹೆಸರುಗಳಿಗೆ ಮತ್ತೆ ಮತ್ತೆ ಕೇಳಿದರೆ ವಾರಕ್ಕೆ ಐದು ಸಲ ಮಾತ್ರ. ಜನ ಸಿಕ್ಕಿಹಾಕಿಕೊಳ್ಳುವುದು ಇದರಲ್ಲೇ, ಸ್ಕ್ರಿಪ್ಟ್ ತಪ್ಪಾಗಿ ಸುತ್ತು ಹೊಡೆದರೆ ಒಂದು ಸಂಜೆಯಲ್ಲಿ ಐದೂ ಮುಗಿಯುತ್ತದೆ. ಪರೀಕ್ಷೆ ಮಾಡುವಾಗ ಪ್ರಯೋಗಕ್ಕೆ ಅಂತಲೇ ಇರುವ ಅವರ ಸ್ಟೇಜಿಂಗ್ ಸರ್ವರ್ ಬಳಸಿ.

ಒಂದು ಕೊರತೆ ಇದೆ. ಕೊಟ್ಟ ಸರ್ಟಿಫಿಕೇಟ್‌ಗಳೆಲ್ಲ ಸಾರ್ವಜನಿಕ ಲಾಗ್‌ನಲ್ಲಿ ದಾಖಲಾಗುತ್ತವೆ, ಸಿಆರ್‌ಟಿ ಡಾಟ್ ಎಸ್‌ಎಚ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. "ಟ್ಯಾಲಿ-ಬ್ಯಾಕಪ್", "ಎಂಡಿ-ಕ್ಯಾಬಿನ್-ಕ್ಯಾಮೆರಾ" ಅಂತ ಹೆಸರಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ವೈಲ್ಡ್‌ಕಾರ್ಡ್‌ನಲ್ಲಿ ಬರೀ ನಕ್ಷತ್ರ ಕಾಣುತ್ತದೆ. ಹೆಸರು ಬಚ್ಚಿಡುವುದಕ್ಕಾಗಿ ಕೀ ಹಂಚುವುದಕ್ಕಿಂತ ಹೆಸರನ್ನೇ ಸಪ್ಪೆಯಾಗಿ ಇಡುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ.

ಯಾವ ಡಿವೈಸ್‌ಗಳನ್ನು ನಿಜವಾಗಿ ಆಟೊಮೇಟ್ ಮಾಡಬಹುದು?

ಸಿನಾಲಜಿ ಎನ್‌ಎಎಸ್, ಟ್ರೂನ್ಯಾಸ್, ಮೈಕ್ರೋಟಿಕ್ ರೂಟರ್, ಯೂನಿಫೈ ಕಂಟ್ರೋಲರ್ ಇವೆಲ್ಲ ಸುಲಭ, ಆಕ್ಮೆ ಡಾಟ್ ಎಸ್‌ಎಚ್ ಅನ್ನುವ ಸ್ಕ್ರಿಪ್ಟ್‌ನಲ್ಲೇ ಇವುಗಳಿಗೆ ಸರ್ಟಿಫಿಕೇಟನ್ನು ಡಿವೈಸ್‌ಗೆ ಹಾಕುವ ಸಿದ್ಧ ಹುಕ್‌ಗಳಿವೆ. ಸಿನಾಲಜಿಯ ಒಳಗೇ ಲೆಟ್ಸ್ ಎನ್‌ಕ್ರಿಪ್ಟ್ ಬಟನ್ ಇದೆ, ಆದರೆ ನಿಮ್ಮದೇ ಡೊಮೈನಿನ ವೈಲ್ಡ್‌ಕಾರ್ಡ್‌ಗೆ ಅದು ಸಾಲದು, ಸ್ಕ್ರಿಪ್ಟ್ ಬೇಕಾಗುತ್ತದೆ. ವರ್ಚುವಲ್ ಮಷೀನ್ ಓಡಿಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಆಕ್ಮೆ ಒಳಗೇ ಬರುತ್ತದೆ. ಡೆಲ್ ಸರ್ವರನ್ನು ದೂರದಿಂದ ನೋಡಿಕೊಳ್ಳುವ ಐಡ್ರ್ಯಾಕ್‌ಗೆ ರ‍್ಯಾಕಡ್ಎಂ ಕಮಾಂಡಿನಿಂದ ಕೀಯನ್ನೂ ಸರ್ಟಿಫಿಕೇಟನ್ನೂ ಹಾಕಬಹುದು. ಆಮೇಲೆ ಐಡ್ರ್ಯಾಕ್ ರಿಸೆಟ್ ಆಗಬೇಕು, ಸರ್ವರ್ ರಿಸೆಟ್ ಅಲ್ಲ, ಗಾಬರಿ ಬೇಡ. ಆಕ್ಮೆ ಡಾಟ್ ಎಸ್‌ಎಚ್ 2021ರಿಂದ ತಾನಾಗಿಯೇ ಜೀರೋಎಸ್‌ಎಸ್‌ಎಲ್‌ಗೆ ಹೋಗುತ್ತದೆ, ಲೆಟ್ಸ್ ಎನ್‌ಕ್ರಿಪ್ಟ್ ಬೇಕಿದ್ದರೆ ಮೊದಲೇ ಹೇಳಬೇಕು.

ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಅಥವಾ ಎಪಿಐ ಇರುವ ಯಾವುದಕ್ಕೂ ಒಂದು ಸಣ್ಣ ಸ್ಕ್ರಿಪ್ಟ್ ಬರೆದರೆ ಸಾಕು. ಪ್ರಿಂಟರ್‌ಗಳದ್ದು ಗಲಿಬಿಲಿ. ಕೆಲವಕ್ಕೆ ವೆಬ್ ಪುಟದ ಅಪ್‌ಲೋಡ್ ಫಾರಂ ಅನ್ನೇ ಕರ್ಲ್ ಅನ್ನುವ ಕಮಾಂಡಿನಿಂದ ತುಂಬಿ ಕಳಿಸಬಹುದು, ಫರ್ಮ್‌ವೇರ್ ಬದಲಾದಾಗ ಅದು ಮುರಿಯುತ್ತದೆ. ಅಗ್ಗದ ಸಿಸಿಟಿವಿ ರೆಕಾರ್ಡರ್, ಹಾಜರಾತಿ ಮಷೀನ್‌ಗಳ ಆಸೆ ಬಿಡಿ. ಎಪಿಸಿ ಯುಪಿಎಸ್‌ನ ಹಳೆಯ ನೆಟ್‌ವರ್ಕ್ ಕಾರ್ಡ್‌ಗಳು ತಮ್ಮದೇ ಟೂಲ್‌ನಿಂದ ಮಾಡಿದ ಪಿ15 ಫೈಲ್ ಕೇಳುತ್ತವೆ, ಅದರ ಹಿಂದೆ ಬಿದ್ದರೆ ಭಾನುವಾರ ಹೋಗುತ್ತದೆ.

ಪ್ರಿಂಟರ್ "ಇನ್‌ವ್ಯಾಲಿಡ್ ಸರ್ಟಿಫಿಕೇಟ್" ಅನ್ನುತ್ತದೆ, ಆದರೆ ಅದೇ ಫೈಲ್ ಸರ್ವರ್‌ನಲ್ಲಿ ಚೆನ್ನಾಗಿದೆ. ಏನು ಕಥೆ?

ಸಾಮಾನ್ಯವಾಗಿ ಮೂರರಲ್ಲಿ ಒಂದು. ಮೊದಲನೆಯದು ಕೀ ಜಾತಿ. ಆಕ್ಮೆಯಿಂದ ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ 2.0, ಅಂದರೆ 2022ರ ಕೊನೆಯಿಂದ, ಕೇಳದೆ ಇದ್ದರೆ ಇಸಿಡಿಎಸ್‌ಎ ಕೀ ಮಾಡುತ್ತದೆ. ಹಳೆಯ ಪ್ರಿಂಟರ್, ಸ್ವಿಚ್‌ಗಳಿಗೆ ಆರ್‌ಎಸ್‌ಎ ಬಿಟ್ಟು ಬೇರೆ ಗೊತ್ತಿಲ್ಲ. ಆರ್‌ಎಸ್‌ಎ 2048 ಅಂತ ಕೇಳಿ ಮಾಡಿಸಿ, 4096 ಮಾಡಿದರೆ ಕೆಲವು ಡಬ್ಬಗಳು ಉಸಿರು ಕಟ್ಟುತ್ತವೆ.

ಎರಡನೆಯದು ಪಿಎಫ್‌ಎಕ್ಸ್ ಫೈಲು (ಕೀ, ಸರ್ಟಿಫಿಕೇಟ್ ಎರಡನ್ನೂ ಪಾಸ್‌ವರ್ಡ್ ಹಾಕಿ ಕಟ್ಟಿದ್ದು), ಅತಿ ಹೆಚ್ಚು ಜನರ ಸಮಯ ತಿಂದಿರುವುದು ಇದೇ. ಅದನ್ನು ಮಾಡುವ ಓಪನ್‌ಎಸ್‌ಎಸ್‌ಎಲ್ ಟೂಲ್ 3ನೇ ಆವೃತ್ತಿಯಿಂದ ಪಿಎಫ್‌ಎಕ್ಸ್ ಅನ್ನು ಹೊಸ ರೀತಿಯ ಎನ್‌ಕ್ರಿಪ್ಶನ್‌ನಿಂದ ಮುಚ್ಚುತ್ತದೆ, ಹಳೆಯ ಫರ್ಮ್‌ವೇರ್‌ಗೆ ಅದನ್ನು ತೆರೆಯಲು ಬರುವುದಿಲ್ಲ. ಆದರೆ ಅದು "ತೆರೆಯಲು ಬರುತ್ತಿಲ್ಲ" ಅನ್ನುವ ಬದಲು "ಪಾಸ್‌ವರ್ಡ್ ತಪ್ಪು" ಅಂತ ಹೇಳಬಹುದು, ನೀವು ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತೀರಿ. ಪಿಎಫ್‌ಎಕ್ಸ್ ಮಾಡುವಾಗ ಲೆಗಸಿ ಅನ್ನುವ ಆಯ್ಕೆ ಸೇರಿಸಿ. ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ ಬಿಟ್ಟು ಬೇರೆ ಚಿಹ್ನೆ ಹಾಕಬೇಡಿ, ಖಾಲಿಯೂ ಬಿಡಬೇಡಿ.

ಮೂರನೆಯದು ಚೈನ್, ಅಂದರೆ ನಿಮ್ಮ ಸರ್ಟಿಫಿಕೇಟನ್ನು ಬ್ರೌಸರ್ ನಂಬುವ ಸಿಎ ಜೊತೆ ಜೋಡಿಸುವ ಸರಪಳಿ. ಕೆಲವಕ್ಕೆ ಮಧ್ಯದ ಸರ್ಟಿಫಿಕೇಟೂ ಅದೇ ಫೈಲ್‌ನಲ್ಲಿ ಬೇಕು, ಕೆಲವಕ್ಕೆ ಅದು ಇದ್ದರೆ ಅಜೀರ್ಣ. ಚೈನ್ ಇಲ್ಲದಿದ್ದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದುಕೊಂಡು ಮೊಬೈಲಿನಲ್ಲಿ ಮಾತ್ರ ಎಚ್ಚರಿಕೆ ಬರಬಹುದು. ಕೊಂಡ ಸರ್ಟಿಫಿಕೇಟಿನಲ್ಲೂ ಈ ಮೂರೂ ತೊಂದರೆ ಹೀಗೇ ಇರುತ್ತವೆ.

ಎಪಿಐ ಇಲ್ಲದ ಡಬ್ಬಗಳಿಗೆ ಏನು ಮಾಡೋದು?

ಅವುಗಳ ಮುಂದೆ ಒಂದು ರಿವರ್ಸ್ ಪ್ರಾಕ್ಸಿ ಕೂರಿಸಿ. ಹಳೆಯ ಮಿನಿ ಪಿಸಿ ಒಂದರಲ್ಲಿ ಕ್ಯಾಡಿ ಅಥವಾ ಎಂಜಿನ್‌ಎಕ್ಸ್ ಸಾಫ್ಟ್‌ವೇರ್ ಹಾಕಿ, ಸರ್ಟಿಫಿಕೇಟ್ ಅಲ್ಲೊಂದೇ ಕಡೆ ಇರಲಿ. ಜನ ಪ್ರಾಕ್ಸಿಗೆ ಬರುತ್ತಾರೆ, ಪ್ರಾಕ್ಸಿ ಹಿಂದಿನಿಂದ ಡಬ್ಬದ ಜೊತೆ ಮಾತಾಡುತ್ತದೆ. ಈ ವ್ಯವಸ್ಥೆಯಲ್ಲಿ ವೈಲ್ಡ್‌ಕಾರ್ಡ್ ಬಳಸಿದರೂ ನನ್ನ ತಕರಾರಿಲ್ಲ, ಕೀ ಇರುವುದು ಒಂದೇ ಮಷೀನಿನಲ್ಲಿ ತಾನೆ.

ಪ್ರಾಕ್ಸಿಯಿಂದ ಡಬ್ಬದವರೆಗಿನ ದಾರಿ ಮಾತ್ರ ಹಳೆಯ ಹಾಗೇ ಉಳಿಯುತ್ತದೆ. ಅದಕ್ಕೇ ಆ ಡಬ್ಬಗಳನ್ನು ಬೇರೆ ವಿಎಲ್‌ಎಎನ್‌ಗೆ (ನೆಟ್‌ವರ್ಕಿನ ಪ್ರತ್ಯೇಕ ಭಾಗಕ್ಕೆ) ಹಾಕಿ, ಪ್ರಾಕ್ಸಿ ಬಿಟ್ಟು ಬೇರೆ ಯಾರೂ ಅವುಗಳ ವೆಬ್ ಪುಟ ಮುಟ್ಟದ ಹಾಗೆ ಮಾಡಿ. ಹಾಗೆ ಮಾಡದಿದ್ದರೆ ಜನ ಹಳೆಯ ಐಪಿಯನ್ನೇ ಬುಕ್‌ಮಾರ್ಕ್‌ನಿಂದ ತೆರೆಯುತ್ತಾ ಇರುತ್ತಾರೆ. ಕ್ಯಾಮೆರಾದ ಲೈವ್ ವಿಡಿಯೊ (ಆರ್‌ಟಿಎಸ್‌ಪಿ) ವೆಬ್ ಪ್ರಾಕ್ಸಿಯಲ್ಲಿ ಹೋಗುವುದಿಲ್ಲ ಅನ್ನುವುದೂ ಗಮನದಲ್ಲಿರಲಿ, ಅದಕ್ಕೆ ವಿಪಿಎನ್ ಸರಿ.

ನಮ್ಮದೇ ಪ್ರೈವೇಟ್ ಸಿಎ ಮಾಡಿಕೊಂಡರೆ?

ಅಂದರೆ ಸರ್ಟಿಫಿಕೇಟನ್ನು ನೀವೇ ಮಾಡಿಕೊಳ್ಳುವುದು. ಎಲ್ಲಾ ಲ್ಯಾಪ್‌ಟಾಪ್‌ಗಳೂ ನಿಮ್ಮ ಹಿಡಿತದಲ್ಲಿದ್ದರೆ ಒಳ್ಳೆಯ ಆಯ್ಕೆ. ವಿಂಡೋಸ್ ಡೊಮೈನ್ ಇದ್ದರೆ ಅದರದ್ದೇ ಎಡಿ ಸಿಎಸ್, ಇಲ್ಲದಿದ್ದರೆ ಸ್ಟೆಪ್-ಸಿಎ ಅನ್ನುವ ಸಾಫ್ಟ್‌ವೇರ್. ಆಯಸ್ಸಿನ ಹೊಸ ನಿಯಮ ಪಬ್ಲಿಕ್ ಸಿಎಗಳಿಗೆ, ನಿಮ್ಮದಕ್ಕೆ ಅನ್ವಯಿಸುವುದಿಲ್ಲ. ಆಪಲ್ ಡಿವೈಸ್‌ಗಳು ಮಾತ್ರ ಪ್ರೈವೇಟ್ ಆದರೂ 825 ದಿನ ಮೀರಿದ್ದನ್ನು ಒಪ್ಪುವುದಿಲ್ಲ. ಹಾಗಾಗಿ ಎರಡು ವರ್ಷದ್ದು ಮಾಡಿ ಎಪಿಐ ಇಲ್ಲದ ಪ್ರಿಂಟರ್‌ಗೆ, ಯುಪಿಎಸ್‌ಗೆ ಕೈಯಲ್ಲೇ ಹಾಕಿ ಎರಡು ವರ್ಷ ಮರೆತುಬಿಡಬಹುದು. ಹಿಂದೆ ದುಡ್ಡಿನ ಸರ್ಟಿಫಿಕೇಟ್ ಕೊಡುತ್ತಿದ್ದ ನೆಮ್ಮದಿ ಈಗ ಇಲ್ಲಿ ಮಾತ್ರ ಸಿಗುತ್ತದೆ.

ತೊಂದರೆ ಇರುವುದು ರೂಟ್ ಸರ್ಟಿಫಿಕೇಟನ್ನು (ಈ ಸಿಎಯನ್ನು ನಂಬು ಅಂತ ಡಿವೈಸ್‌ಗೆ ಹೇಳುವ ಫೈಲನ್ನು) ಎಲ್ಲರಿಗೂ ತಲುಪಿಸುವುದರಲ್ಲಿ. ಆಫೀಸ್ ಲ್ಯಾಪ್‌ಟಾಪ್‌ಗೆ ಗ್ರೂಪ್ ಪಾಲಿಸಿಯಿಂದ ಹೋಗುತ್ತದೆ, ಸಿಬ್ಬಂದಿಯ ಸ್ವಂತ ಮೊಬೈಲ್‌ಗೆ ಹೋಗುವುದಿಲ್ಲ. ಆಂಡ್ರಾಯ್ಡ್ 7ರಿಂದ ಈಚೆಗೆ ನೀವು ಹಾಕಿದ ರೂಟನ್ನು ಆಪ್‌ಗಳು ತಾವಾಗಿ ನಂಬುವುದೂ ಇಲ್ಲ. ಅಪಾರ್ಟ್‌ಮೆಂಟ್ ನಿವಾಸಿಗಳೆಲ್ಲ ತೆರೆಯುವ ಪುಟಕ್ಕೆ ಇದು ಆಗದ ಮಾತು. ಮತ್ತೆ ಸಿಎ ಕೀ ಇರುವ ಮಷೀನನ್ನು ಜೋಪಾನ ಮಾಡುವುದು ನಿಮ್ಮ ಜವಾಬ್ದಾರಿ, ಎಲ್ಲರೂ ಕೂರುವ ಟೇಬಲಿನ ಪಿಸಿಯಲ್ಲಿ ಇಡಬೇಡಿ.

ಸೆಲ್ಫ್-ಸೈನ್ಡ್ ಇದ್ದರೆ ಏನೀಗ? ಎಚ್ಚರಿಕೆ ಬಂದಾಗ ಮುಂದುವರಿಸು ಒತ್ತಿದರೆ ಆಯಿತಲ್ಲ?

ಸೆಲ್ಫ್-ಸೈನ್ಡ್ ಅಂದರೆ ಡಿವೈಸ್ ತನಗೆ ತಾನೇ ಬರೆದುಕೊಂಡದ್ದು. ನೀವೊಬ್ಬರೇ ತೆರೆಯುವ ಸ್ವಿಚ್‌ಗೆ ನಡೆಯುತ್ತದೆ. ಹತ್ತು ಜನ ಬಳಸುವ ಎನ್‌ಎಎಸ್‌ಗೆ ಬೇಡ. ಎಚ್ಚರಿಕೆ ಕಂಡರೆ ಕಣ್ಣು ಮುಚ್ಚಿ ಮುಂದುವರಿಸು ಒತ್ತಬೇಕು ಅಂತ ಅವರಿಗೆ ನೀವೇ ಪಾಠ ಹೇಳಿಕೊಟ್ಟ ಹಾಗಾಗುತ್ತದೆ, ನಾಳೆ ಬ್ಯಾಂಕಿನ ಹೆಸರಿನ ನಕಲಿ ಪುಟ ಬಂದಾಗಲೂ ಅದನ್ನೇ ಮಾಡುತ್ತಾರೆ.

ಹಾಗಿದ್ದರೆ ಕೊಳ್ಳುವುದು ಯಾವಾಗ ಸರಿ?

ಗ್ರಾಹಕ ಕಂಪನಿಯೋ ಬ್ಯಾಂಕೋ ಕಾಂಟ್ರ್ಯಾಕ್ಟ್‌ನಲ್ಲಿ ಓವಿ ಸರ್ಟಿಫಿಕೇಟ್ ಬೇಕು ಅಂತ ಬರೆದಿದ್ದರೆ ವಾದ ಮಾಡಿ ಸಮಯ ಕಳೆಯಬೇಡಿ, ಕೊಳ್ಳಿ. ಅಕೌಂಟ್ಸ್‌ನವರಿಗೆ ಜಿಎಸ್‌ಟಿ ಬಿಲ್ ಇದ್ದರೇ ಸಮಾಧಾನ ಅಂದರೂ ಕೊಳ್ಳಿ. ದೊಡ್ಡ ಕಂಪನಿಯ ಸೆಕ್ಯುರಿಟಿ ತಂಡ ಇಂಥದ್ದೇ ಸಿಎ ಅಂತ ಡಿಎನ್‌ಎಸ್‌ನ ಸಿಎಎ ರೆಕಾರ್ಡ್‌ನಲ್ಲಿ ಕಟ್ಟಿಹಾಕಿದ್ದರೆ ಆಯ್ಕೆಯೇ ಇರುವುದಿಲ್ಲ. ನಮ್ಮ ಬೆಂಗಳೂರಿನದ್ದೇ ಆದ ಇಮುದ್ರಾ ಕೂಡ ಎಸ್‌ಎಸ್‌ಎಲ್ (ನಾವು ಮಾತಾಡುತ್ತಿರುವ ಇದೇ ಸರ್ಟಿಫಿಕೇಟ್) ಮಾರುತ್ತದೆ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ನಿಂದ ಆಡಿಟರ್‌ಗಳಿಗೆಲ್ಲ ಪರಿಚಯದ ಹೆಸರು ಅದು. ಆದರೆ ರಿಟರ್ನ್ ಸಲ್ಲಿಸುವ ಡಿಎಸ್‌ಸಿ ಬೇರೆ, ಈ ಎಸ್‌ಎಸ್‌ಎಲ್ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಕೊಂಡರೂ ಆಟೊಮೇಟ್ ಮಾಡಬಹುದು ಅನ್ನುವುದು ಹಲವರಿಗೆ ಗೊತ್ತಿಲ್ಲ. ಡಿಜಿಸರ್ಟ್, ಸೆಕ್ಟಿಗೋ ಇಂಥವರೂ ಆಕ್ಮೆ ಕೊಡುತ್ತಾರೆ. ಖಾತೆಗೆ ಸಂಬಂಧಿಸಿದ ಎರಡು ಗುಪ್ತ ಮೌಲ್ಯ ಕೊಡುತ್ತಾರೆ, ಅದನ್ನು ಅದೇ ಸ್ಕ್ರಿಪ್ಟ್‌ಗೆ ಹಾಕಿದರೆ ಆಯಿತು. ಇವಿ (ಕಂಪನಿಯನ್ನು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿ ಕೊಡುವ) ವೈಲ್ಡ್‌ಕಾರ್ಡ್ ಅಂತ ಯಾರಾದರೂ ಮಾರಲು ಬಂದರೆ ಮಾತ್ರ ಅನುಮಾನಪಡಿ, ಇವಿಯಲ್ಲಿ ವೈಲ್ಡ್‌ಕಾರ್ಡ್‌ಗೆ ಅವಕಾಶವೇ ಇಲ್ಲ.

ದುಡ್ಡು ಕೊಟ್ಟರೆ ಗ್ಯಾರಂಟಿ ಇರುತ್ತದೆ, ಏಕಾಏಕಿ ರದ್ದಾಗುವುದಿಲ್ಲ ಅಂತಾರೆ?

2024ರ ಜುಲೈ ನೆನಪಿಸಿಕೊಳ್ಳಿ. ಡಿಜಿಸರ್ಟ್ ಡಿಎನ್‌ಎಸ್ ಪರೀಕ್ಷೆ ಮಾಡುವಾಗ ಕೆಲವು ರೆಕಾರ್ಡ್‌ಗಳ ಹೆಸರಿನ ಮುಂದೆ ಇರಬೇಕಾದ ಒಂದು ಅಂಡರ್‌ಸ್ಕೋರ್ ಬಿಟ್ಟುಹೋಗಿತ್ತು. ಅಷ್ಟಕ್ಕೇ 83,267 ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಬೇಕಾಯಿತು, ಗ್ರಾಹಕರಿಗೆ ಕೊಟ್ಟ ಗಡುವು 24 ಗಂಟೆ. ಕೆಲವರಿಗೆ ಆಮೇಲೆ ಸ್ವಲ್ಪ ಹೆಚ್ಚು ಸಮಯ ಸಿಕ್ಕಿತು, ಆದರೆ ಮೊದಲ ಇಮೇಲ್ ಓದಿದವರ ಎದೆ ಹೇಗಿತ್ತೋ. ಡಿಜಿಸರ್ಟ್ ದುಡ್ಡಿಗೆ ಮಾರುವ ಕಂಪನಿಯೇ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ ಸಾಚಾ ಅಲ್ಲ, 2020ರ ಮಾರ್ಚ್‌ನಲ್ಲಿ ಅವರ ಸಾಫ್ಟ್‌ವೇರಿನ ಒಂದು ಬಗ್‌ನಿಂದ ಸುಮಾರು 30 ಲಕ್ಷ ಸರ್ಟಿಫಿಕೇಟ್ ರದ್ದು ಮಾಡುತ್ತೇವೆ ಅಂದಿದ್ದರು. ಎಂಟ್ರಸ್ಟ್ ಎಂಬ ಹಳೆಯ ದೊಡ್ಡ ಹೆಸರನ್ನು ಕ್ರೋಮ್ 2024ರ ನವೆಂಬರ್‌ನ ನಂತರದ ಸರ್ಟಿಫಿಕೇಟ್‌ಗಳಿಗೆ ನಂಬುವುದನ್ನೇ ಬಿಟ್ಟಿತು.

ಇಂಥ ದಿನ ಬಂದರೆ ಬೇಕಾಗುವುದು ಒಂದೇ, ಎಲ್ಲಾ ಡಿವೈಸ್‌ಗಳಲ್ಲೂ ಒಂದೇ ದಿನದಲ್ಲಿ ಸರ್ಟಿಫಿಕೇಟ್ ಬದಲಿಸುವ ತಾಕತ್ತು. ಸ್ಕ್ರಿಪ್ಟ್ ಇದ್ದವರು ಮತ್ತೊಮ್ಮೆ ಓಡಿಸಿ ಕಾಫಿಗೆ ಹೋಗುತ್ತಾರೆ. ಕೈಯಲ್ಲಿ ಹಾಕುವವರು ರಾತ್ರಿ ಆಫೀಸಿನಲ್ಲೇ. ಕೊಂಡ ಸರ್ಟಿಫಿಕೇಟಿನ ಜೊತೆ ಬರುವ ಲಕ್ಷಾಂತರ ಡಾಲರ್ ವಾರಂಟಿ ಈ ನಷ್ಟಕ್ಕಲ್ಲ.

ಹಳೆಯ ಡಿವೈಸ್‌ಗಳು ಲೆಟ್ಸ್ ಎನ್‌ಕ್ರಿಪ್ಟ್ ಅನ್ನು ನಂಬುವುದಿಲ್ಲ ಅಂತ ಕೇಳಿದೆ.

ಇಲ್ಲಿ ಎರಡು ಬೇರೆ ವಿಷಯ ಬೆರೆತಿವೆ. ಡಿವೈಸ್ ತನ್ನ ಸರ್ಟಿಫಿಕೇಟ್ ತೋರಿಸುವಾಗ ನಂಬಬೇಕಾದದ್ದು ನಿಮ್ಮ ಬ್ರೌಸರ್, ಡಿವೈಸ್ ಅಲ್ಲ. ಡಿವೈಸ್ ತಾನೇ ಹೊರಗೆ ಹೋಗಿ ಮಾತಾಡುವಾಗ, ಅಂದರೆ ಪ್ರಿಂಟರ್ ಸ್ಕ್ಯಾನ್ ಮಾಡಿ ಮೇಲ್ ಕಳಿಸುವಾಗ, ಕ್ಯಾಮೆರಾ ಸರ್ವರ್‌ಗೆ ವಿಡಿಯೊ ಹಾಕುವಾಗ, ಯಾವ ಸಿಎಗಳನ್ನು ನಂಬಬೇಕು ಅನ್ನುವ ಅದರ ಒಳಗಿನ ಪಟ್ಟಿ ಮುಖ್ಯ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಕ್ಸ್‌ಪೈರ್ ಆದಾಗ ತೊಂದರೆಯಾದದ್ದು ಇಂಥ ಕಡೆ. ಹೊಸ ಐಎಸ್‌ಆರ್‌ಜಿ ರೂಟ್ ಎಕ್ಸ್1 ಗೊತ್ತಿಲ್ಲದ ಡಬ್ಬಗಳು ಮಾತು ನಿಲ್ಲಿಸಿದವು. ನಿಮ್ಮಲ್ಲಿ ಅಂಥದ್ದಿದ್ದರೆ ಅದು ಮಾತಾಡುವ ಸರ್ವರ್‌ಗೆ ಮಾತ್ರ ಬೇರೆ ಸಿಎಯ ಸರ್ಟಿಫಿಕೇಟ್ ಹಾಕಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಮರೆತು 1970ಕ್ಕೆ ಹೋಗುವ ಹಳೆಯ ರೆಕಾರ್ಡರ್‌ಗಳೂ ಇವೆ, ಅವಕ್ಕೆ ಯಾವ ಸರ್ಟಿಫಿಕೇಟೂ ಸರಿ ಕಾಣುವುದಿಲ್ಲ. ನೆಟ್‌ವರ್ಕಿನಿಂದ ಸಮಯ ಸರಿಮಾಡಿಕೊಳ್ಳುವ ಎನ್‌ಟಿಪಿ ಹಾಕಿ.

ಆಟೊಮೇಟ್ ಮಾಡಿ ಮರೆತು, ಅದು ಸುಮ್ನೆ ನಿಂತುಹೋದರೆ?

ನಿಲ್ಲುತ್ತದೆ, ಎಂದಾದರೂ ಒಂದು ದಿನ. ಟೋಕನ್ ರದ್ದಾಗಿರುತ್ತದೆ, ಅಥವಾ ಸ್ಕ್ರಿಪ್ಟ್ ಇದ್ದ ಮಿನಿ ಪಿಸಿಯನ್ನು ಯಾರೋ ಆಫ್ ಮಾಡಿರುತ್ತಾರೆ. ಬೆಸ್ಕಾಂನವರು ದುರಸ್ತಿ ಅಂತ ಹಗಲೆಲ್ಲ ಕರೆಂಟ್ ತೆಗೆದ ದಿನವೇ ಕ್ರಾನ್ (ಸ್ಕ್ರಿಪ್ಟ್ ತಾನಾಗಿ ಓಡುವ) ಸಮಯ ಬಂದು ಹೋಗಿರುತ್ತದೆ. ಅದಕ್ಕೇ ದಿನಕ್ಕೆರಡು ಸಲ ಓಡಿಸಿ, ರೆನ್ಯೂ ಬೇಕಿಲ್ಲದಿದ್ದರೆ ಅದು ಏನೂ ಮಾಡುವುದಿಲ್ಲ.

ಮಾನಿಟರಿಂಗ್ ಬೇರೆ ಮಷೀನಿನಲ್ಲಿ ಇರಲಿ, ಅಪ್‌ಟೈಮ್ ಕುಮಾ ಅನ್ನುವ ಟೂಲ್ ಸಾಕು. ಮುಖ್ಯವಾದದ್ದು, ಸ್ಕ್ರಿಪ್ಟ್ ಮಾಡಿದ ಫೈಲಿನ ತಾರೀಖು ನೋಡಬೇಡಿ, ಡಿವೈಸ್‌ನ ಪೋರ್ಟ್‌ಗೆ ಹೋಗಿ ಅದು ನಿಜವಾಗಿ ತೋರಿಸುತ್ತಿರುವ ಸರ್ಟಿಫಿಕೇಟ್ ನೋಡಿ. ಫೈಲ್ ಹೊಸದಾಗಿದ್ದು ಡಿವೈಸ್ ರೀಸ್ಟಾರ್ಟ್ ಆಗದೆ ಹಳೆಯದನ್ನೇ ಹಿಡಿದು ಕೂತಿರುವುದು ಬಹಳ ಸಾಮಾನ್ಯ. 90 ದಿನದ್ದಾದರೆ 20 ದಿನ ಉಳಿದಾಗ ಅಲರ್ಟ್ ಬರಲಿ, ಅದೂ ಒಬ್ಬರ ಮೇಲ್‌ಗೆ ಅಲ್ಲ, ತಂಡದ ಗ್ರೂಪಿಗೆ.

ವೆಂಡರ್ ಕೊಟೇಶನ್ ಕಳಿಸಿ ಆಗಿದೆ, ಬಾಸ್ ಸಹಿ ಮಾಡುವುದೊಂದೇ ಬಾಕಿ. ಏನು ಕೇಳಲಿ?

ಪ್ರತಿ ರೀಇಶ್ಯೂ ಆದಾಗ ಡಿವೈಸ್‌ಗಳಿಗೆ ಹಾಕಿಕೊಡುವುದು ಈ ಬೆಲೆಯಲ್ಲಿ ಸೇರಿದೆಯಾ, 2027ರ ನಂತರವೂ? ಆಕ್ಮೆ ಸಿಗುತ್ತದಾ, ಅದಕ್ಕೆ ಬೇರೆ ದುಡ್ಡಾ? ಕೀ ಯಾರು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ "ನಾವೇ ಮಾಡಿ ಜಿಪ್ ಫೈಲ್‌ನಲ್ಲಿ ಮೇಲ್ ಮಾಡುತ್ತೇವೆ ಸರ್" ಅನ್ನುವ ಉತ್ತರ ಬಂದರೆ ಮಾತು ಅಲ್ಲಿಗೇ ಮುಗಿಸಿ, ಆ ಕೀ ನಿಮ್ಮದಲ್ಲ.

ಅದಕ್ಕಿಂತ ಮುಖ್ಯವಾಗಿ, ಮುಂದಿನ ಸಲ ಪ್ರಿಂಟರನ್ನೋ ರೆಕಾರ್ಡರನ್ನೋ ಕೊಳ್ಳುವಾಗ ಅದರಲ್ಲಿ ಆಕ್ಮೆ ಇದೆಯಾ, ಕನಿಷ್ಠ ಸರ್ಟಿಫಿಕೇಟ್ ಹಾಕಲು ಎಪಿಐ ಇದೆಯಾ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ, ಮಾಡೆಲ್ ನಂಬರ್ ತಗೊಂಡು ಮ್ಯಾನ್ಯುಅಲ್ ನೀವೇ ಓದಿ, ಆಮೇಲೆ ದುಡ್ಡು ಕೊಡಿ.